ಇರುಳಿನಲ್ಲಿ ಏರುವ ಮುಳ್ಳು: ಹಳೆಯ ಎಸ್‌ಯುವಿಯೊಂದರ ಮೀಟರ್ ದೋಷಗಳ ಪ್ರಕರಣ ಅಧ್ಯಯನ

ಹಿನ್ನೆಲೆ

ಇಲ್ಲಿ ವಿವರಿಸುತ್ತಿರುವ ವಾಹನವು 2000ರ ದಶಕದ ಮೊದಲರ್ಧದಲ್ಲಿ ತಯಾರಾದ, ಚಾಸಿಯ ಮೇಲೆ ಬಾಡಿ ಕೂರಿಸಿದ, ಏಳು ಆಸನಗಳ ಡೀಸೆಲ್ ಎಸ್‌ಯುವಿ. ಮಾಲೀಕರ ಒಪ್ಪಿಗೆ ಪಡೆದು ಇದನ್ನು ದಾಖಲಿಸಿದ್ದೇನೆ. ವಾಹನದ ತಯಾರಕರು, ನೋಂದಣಿ ಸಂಖ್ಯೆ, ದುರಸ್ತಿ ಮಾಡಿದ ಗ್ಯಾರೇಜುಗಳು ಯಾವುವು ಎಂಬ ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾಲೀಕರು ಗದಗ ಜಿಲ್ಲೆಯ ಕಾಳುಕಡಿ ವ್ಯಾಪಾರಿಗಳು ಎಂಬಷ್ಟು ತಿಳಿದರೆ ಓದುಗರಿಗೆ ಸಾಕು. ಅವರ ವಾಹನ ಹೆಚ್ಚಿನ ದಿನ ಗದಗದಿಂದ ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ, ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ, ಉಳಿದಂತೆ ಎರೆಹೊಲಗಳ ನಡುವಿನ ದಾರಿಗಳಲ್ಲಿ ಓಡುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಹಿಟ್ಟಿನಷ್ಟು ನುಣ್ಣಗಿನ ಧೂಳಾಗಿ ಡ್ಯಾಶ್‌ಬೋರ್ಡಿನ ಒಳಗೆಲ್ಲ ಸೇರುತ್ತದೆ, ಮಳೆಗಾಲದಲ್ಲಿ ಅದೇ ಧೂಳು ತೇವವನ್ನು ಹಿಡಿದಿಟ್ಟುಕೊಂಡು ತಂತಿಗಳನ್ನು ಜೋಡಿಸುವ ಕಪ್ಲರುಗಳಿಗೂ ಸ್ಕ್ರೂಗಳಿಗೂ ತುಕ್ಕು ಹತ್ತಿಸುತ್ತದೆ. ಈ ಭಾಗದ ಹಳೆಯ ಗಾಡಿಗಳ ವಿದ್ಯುತ್ ದೋಷಗಳನ್ನು ನೋಡುವಾಗ ಇದನ್ನು ಮೊದಲು ನೆನೆಯಬೇಕು.

ಈ ವಾಹನದ ಡೀಸೆಲ್ ಪಂಪು ಪೂರ್ಣ ಯಾಂತ್ರಿಕವಾದದ್ದು, ಎಂಜಿನ್ ನಡೆಸುವ ಕಂಪ್ಯೂಟರ್ ಇದರಲ್ಲಿಲ್ಲ. ಆದ್ದರಿಂದ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತ ಓದುವ ಸೌಕರ್ಯವೂ ಇಲ್ಲ. ಮೀಟರುಗಳು ಏನು ತೋರಿಸುತ್ತವೆ, ಚಾಲಕ ಏನು ಗಮನಿಸಿದ್ದಾನೆ, ಮಲ್ಟಿಮೀಟರ್ ಏನು ಹೇಳುತ್ತದೆ, ಈ ಮೂರನ್ನು ಕೂಡಿಸಿಯೇ ನಿರ್ಣಯಕ್ಕೆ ಬರಬೇಕಾಗುತ್ತದೆ. ವಾಹನಕ್ಕೆ ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ಐದು ವರ್ಷಗಳಿಗೆ ನವೀಕರಿಸಲಾಗಿತ್ತು, ಎರಡನೆಯ ನವೀಕರಣದ ದಿನ ಹತ್ತಿರವಾಗಿತ್ತು. 2022ರ ಏಪ್ರಿಲ್‌ನಿಂದ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದ ಮೇಲೆ, ತಪಾಸಣೆಗೆ ಹೋಗುವ ಮುನ್ನ ಗಾಡಿಯನ್ನು ಒಮ್ಮೆಲೇ ಸರಿಮಾಡಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಮಾಲೀಕರು ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಬಂದದ್ದೂ ಆ ಕಾರಣಕ್ಕೇ.

ದೂರುಗಳು

ಅವರು ಹೇಳಿದ ದೂರುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತಿದ್ದವು. ಟೆಂಪರೇಚರ್ ಮುಳ್ಳು ಹಗಲಿನಲ್ಲಿ ನಡುವಿಗಿಂತ ತುಸು ಮೇಲೆ ನಿಂತರೆ ರಾತ್ರಿಯಲ್ಲಿ ಕೆಂಪು ಗೆರೆಯ ಸಮೀಪಕ್ಕೆ ಹೋಗುತ್ತಿತ್ತು. ಡೀಸೆಲ್ ಮೀಟರ್ ನಂಬಿಕೆಗೆ ಅರ್ಹವಾಗಿರಲಿಲ್ಲ. ಒಂದು ರಾತ್ರಿ ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಅಣ್ಣಿಗೇರಿಯ ಆಚೆ ಗಾಡಿ ನಿಂತುಹೋಗಿತ್ತು. ಡೀಸೆಲ್ ಗಾಡಿಯ ಟ್ಯಾಂಕ್ ಬರಿದಾದರೆ ಎಣ್ಣೆ ತಂದು ಸುರಿದ ಮಾತ್ರಕ್ಕೆ ಅದು ಚಾಲೂ ಆಗುವುದಿಲ್ಲ. ಪೈಪುಗಳಲ್ಲಿ ತುಂಬಿದ ಗಾಳಿಯನ್ನು ಕೈಪಂಪಿನಿಂದ ಹೊರಹಾಕಬೇಕು, ಆ ಕೆಲಸವನ್ನು ಕತ್ತಲೆಯಲ್ಲಿ ರಸ್ತೆಯ ಬದಿಗೆ ಮಾಡಬೇಕಾಯಿತು. ಬ್ಯಾಟರಿ ಚಿತ್ರದ ಕೆಂಪು ದೀಪ ಎಂಜಿನ್ ನಡೆಯುತ್ತಿರುವಾಗಲೂ ಮಂಕಾಗಿ ಉರಿಯುತ್ತಿತ್ತು. ಸ್ಪೀಡೋಮೀಟರಿನ ಮುಳ್ಳು ಜಿಗಿದಾಡಿ ಕೊನೆಗೆ ಸೊನ್ನೆಯಲ್ಲೇ ಉಳಿದಿತ್ತು. ಹಿಂದಿನ ಬಾಗಿಲಿನ ಕಿಟಕಿಯೊಂದು ತೀರ ನಿಧಾನವಾಗಿ ಏರುತ್ತಿತ್ತು.

ಕಿಟಕಿ ಮತ್ತು ಸ್ಪೀಡೋಮೀಟರಿನ ಬಗೆಗೆ ಹೆಚ್ಚು ಹೇಳುವುದಿಲ್ಲ. ಕಿಟಕಿಯ ರಬ್ಬರ್ ಕಾಲುವೆಯಲ್ಲಿ ಧೂಳು ಗಟ್ಟಿಯಾಗಿತ್ತು, ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನ ತುದಿಯಲ್ಲಿ ತುಂಡಾಗಿತ್ತು. ಎರಡೂ ಬಿಡಿ ದೋಷಗಳು, ಅವಕ್ಕೂ ಉಳಿದವಕ್ಕೂ ನಂಟಿಲ್ಲ. ಆದರೆ ಹೀಗೆ ನಂಟಿಲ್ಲದ ದೋಷಗಳು ನಂಟಿರುವವುಗಳ ಜೊತೆ ಬೆರೆತಿದ್ದರಿಂದಲೇ ಮೊದಲ ಗ್ಯಾರೇಜಿನವರು "ಹಳೆ ಗಾಡಿ, ಒಂದೊಂದಾಗಿ ಎಲ್ಲಾ ಹೋಗ್ತಾವ" ಎಂಬ ತೀರ್ಮಾನಕ್ಕೆ ಬಂದಿದ್ದರು.

ಮೊದಲು ನಡೆದ ಪ್ರಯತ್ನಗಳು

ಆ ಗ್ಯಾರೇಜಿನಲ್ಲಿ ಡೀಸೆಲ್ ಟ್ಯಾಂಕಿನೊಳಗೆ ಎಣ್ಣೆಯ ಮಟ್ಟವನ್ನು ಅಳೆಯುವ ಫ್ಲೋಟ್ ಯೂನಿಟ್ ಬದಲಾಯಿಸಿದರು. ರಾತ್ರಿಯ ತಪ್ಪು ಲೆಕ್ಕ ಹಾಗೆಯೇ ಉಳಿಯಿತು. ಬಳಿಕ ಎಂಜಿನ್ನಿನ ಮೇಲಿರುವ ಟೆಂಪರೇಚರ್ ಸೆನ್ಸರ್ ಬದಲಾಯಿಸಿದರು, ಮುಳ್ಳು ಮೊದಲಿಗಿಂತಲೂ ಸ್ವಲ್ಪ ಮೇಲೆಯೇ ನಿಲ್ಲತೊಡಗಿತು. ಹಳೆಯ ಸೆನ್ಸರನ್ನು ಮಾಲೀಕರು ಎಸೆಯದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಕೊನೆಗೆ ಗುಜರಿಯಿಂದ ಅದೇ ಮಾದರಿಯ ಇಡೀ ಮೀಟರ್ ಬೋರ್ಡನ್ನೇ ತಂದು ಕೂರಿಸಿದರು. ಅದೂ ರಾತ್ರಿಯಲ್ಲಿ ಹಳೆಯದರಂತೆಯೇ ನಡೆದುಕೊಂಡಾಗ "ಇದೂ ಕೆಟ್ಟ ಮಾಲೇ" ಎಂದು ಬಿಚ್ಚಿ ಹಿಂದಿರುಗಿಸಿದರು.

ಈ ಪ್ರಕರಣದಲ್ಲಿ ನನ್ನ ಗಮನವನ್ನು ಹೆಚ್ಚು ಹಿಡಿದದ್ದು ಈ ಹಂತ. ಬೇರೆ ಬೇರೆ ಗಾಡಿಗಳಿಂದ ಬಂದ ಎರಡು ಮೀಟರ್ ಬೋರ್ಡುಗಳು ಒಂದೇ ಹೊತ್ತಿನಲ್ಲಿ, ಒಂದೇ ದಿಕ್ಕಿಗೆ, ಒಂದೇ ರೀತಿಯಲ್ಲಿ ತಪ್ಪುತ್ತವೆ ಎಂದಾದರೆ ದೋಷವು ಬೋರ್ಡಿನಲ್ಲಿಲ್ಲ, ಅದಕ್ಕೆ ಬಂದು ಸೇರುವ ತಂತಿಗಳಲ್ಲಿದೆ ಎಂದೇ ತಿಳಿಯಬೇಕು. ಅಂದರೆ ಆ ಗುಜರಿ ಬೋರ್ಡು ಅತ್ಯುತ್ತಮ ಪರೀಕ್ಷಾ ಸಾಧನವಾಗಿ ಕೆಲಸ ಮಾಡಿತ್ತು, ಅದು ಕೊಟ್ಟ ಉತ್ತರವನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು: ಗುಜರಿ ಬೋರ್ಡು ಹಾಕಿದಾಗ ಅದರ ಓಡೋಮೀಟರ್ ಬೇರೆ ಗಾಡಿಯ ಕಿಲೋಮೀಟರುಗಳನ್ನು ತೋರಿಸುತ್ತದೆ. ಹಾಗೆ ಬದಲಾಯಿಸುವುದು ಅನಿವಾರ್ಯವಾದರೆ ದಿನಾಂಕ, ಹಳೆಯ ಅಂಕಿ, ಹೊಸ ಅಂಕಿ ಈ ಮೂರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲವಾದರೆ ಎಂಜಿನ್ ಎಣ್ಣೆ, ಬೆಲ್ಟ್ ಮುಂತಾದವುಗಳ ಬದಲಾವಣೆಯ ಲೆಕ್ಕವೆಲ್ಲ ತಪ್ಪುವುದಲ್ಲದೆ ಮುಂದೆ ಗಾಡಿ ಕೊಳ್ಳುವವರಿಗೂ ಮೋಸವಾಗುತ್ತದೆ.

ಬ್ಯಾಟರಿ ದೀಪಕ್ಕಾಗಿ ಡೈನಮೋ ಬಿಚ್ಚಿಸಿ ರಿಪೇರಿ ಮಾಡಿಸಬೇಕು ಎಂಬ ಸಲಹೆಯೂ ಅಲ್ಲಿಂದಲೇ ಬಂದಿತ್ತು. ಇಲ್ಲಿ ಡೈನಮೋ ಎಂದು ಎಲ್ಲರೂ ಕರೆಯುವುದು ಆಲ್ಟರ್ನೇಟರನ್ನೇ. ಆದರೆ ಮಾಲೀಕರು ಅಷ್ಟರಲ್ಲಿ ಬೇಸತ್ತಿದ್ದರು.

ತಿರುವು

ಹುಬ್ಬಳ್ಳಿಯ ಎಲೆಕ್ಟ್ರಿಷಿಯನ್ ಹಿರಿಯರು, ಸ್ಪ್ಯಾನರ್ ಹಿಡಿಯುವ ಮೊದಲು ಚಾಲಕನನ್ನು ಕೂರಿಸಿಕೊಂಡು ಮಾತಾಡಿಸುವುದು ಅವರ ಪದ್ಧತಿ. ಮಾಲೀಕರು ಬಿಟ್ಟಿದ್ದ ಒಂದು ಮಾತು ಚಾಲಕನ ಬಾಯಿಂದ ಬಂದಿತು: "ಕಾಕಾರ, ಇಂಡಿಕೇಟರ್ ಹಾಕಿದ್ರ ಟೆಂಪರೇಚರ್ ಮುಳ್ಳೂ ಅದರ ಜೋಡಿನ ಕುಣಿತೈತ್ರಿ. ಹಾಡು ಜೋರ್ ಇಟ್ರೂ ಸ್ವಲ್ಪ ಮ್ಯಾಲೆ ಹೊಕ್ಕೈತಿ."

ಎಂಜಿನ್ನಿನ ನೀರು ಇಂಡಿಕೇಟರಿನ ತಾಳಕ್ಕೆ ಬಿಸಿಯಾಗಿ ತಣ್ಣಗಾಗುವುದು ಸಾಧ್ಯವಿಲ್ಲ. ಮುಳ್ಳು ಕುಣಿಯುತ್ತಿದೆ ಎಂದರೆ ಇಂಡಿಕೇಟರ್ ದೀಪದ ವಿದ್ಯುತ್ತು ಮೀಟರಿನ ದಾರಿಯಲ್ಲಿ ಅಡ್ಡಬರುತ್ತಿದೆ ಎಂದರ್ಥ. ಬೋರ್ಡಿನಲ್ಲಿರುವ ಹೆಚ್ಚಿನ ಸಣ್ಣ ದೀಪಗಳೂ ಮೀಟರುಗಳೂ ಹಂಚಿಕೊಳ್ಳುವ ಹಿಂದಿರುಗುವ ದಾರಿ ಒಂದೇ, ಅದು ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಯ ಋಣ ತುದಿಗೆ ಸೇರುವ ಅರ್ಥಿಂಗ್ ತಂತಿ.

ಈ ವಾಹನದ ಟೆಂಪರೇಚರ್ ಮತ್ತು ಡೀಸೆಲ್ ಮೀಟರುಗಳ ಒಳಗೆ ಎರಡೆರಡು ಸುರುಳಿಗಳಿವೆ. ಒಂದರ ಮೂಲಕ ಹರಿಯುವ ವಿದ್ಯುತ್ತು ಸೆನ್ಸರಿಗೆ ಹೋಗುತ್ತದೆ, ಇನ್ನೊಂದರದು ಬೋರ್ಡಿನ ಅರ್ಥಿಂಗಿಗೆ ಹೋಗುತ್ತದೆ, ಮುಳ್ಳು ನಿಲ್ಲುವ ಜಾಗವನ್ನು ನಿರ್ಧರಿಸುವುದು ಇವೆರಡರ ಅನುಪಾತ. ಹೀಗಿರುವುದರಿಂದ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಏರಿಳಿದರೂ ಮುಳ್ಳು ಅಲುಗುವುದಿಲ್ಲ, ಇದು ಒಳ್ಳೆಯ ರಚನೆಯೇ. ಆದರೆ ಅರ್ಥಿಂಗ್ ದುರ್ಬಲವಾದಾಗ ಎರಡನೆಯ ಸುರುಳಿಯ ವಿದ್ಯುತ್ತು ಕುಗ್ಗುತ್ತದೆ, ಮೊದಲನೆಯದು ಹಾಗೆಯೇ ಉಳಿಯುತ್ತದೆ, ಅನುಪಾತ ಸೆನ್ಸರಿನ ಕಡೆಗೆ ವಾಲುತ್ತದೆ. ಟೆಂಪರೇಚರ್ ಸೆನ್ಸರಿನ ಪ್ರತಿರೋಧವು ಬಿಸಿ ಏರಿದಂತೆ ಇಳಿಯುವಂಥದ್ದು, ಈ ವಾಹನದ ಫ್ಲೋಟಿನ ಪ್ರತಿರೋಧವು ಟ್ಯಾಂಕ್ ತುಂಬಿದಂತೆ ಇಳಿಯುವಂಥದ್ದು. ಹಾಗಾಗಿ ಒಂದು ಮೀಟರ್ ಇಲ್ಲದ ಬಿಸಿಯನ್ನು ತೋರಿಸಿತು, ಇನ್ನೊಂದು ಇಲ್ಲದ ಡೀಸೆಲನ್ನು ತೋರಿಸಿತು. ರಾತ್ರಿ ದೀಪ ಹಾಕಿದಾಗ ಬೋರ್ಡಿನ ಬಲ್ಬುಗಳ ವಿದ್ಯುತ್ತೂ ಅದೇ ದುರ್ಬಲ ದಾರಿಗೆ ನುಗ್ಗುವುದರಿಂದ ತಪ್ಪು ಇನ್ನಷ್ಟು ಹೆಚ್ಚಿತು. ಅಣ್ಣಿಗೇರಿಯ ಆಚೆ ಗಾಡಿ ನಿಂತದ್ದು ಹಗಲಿನಲ್ಲಲ್ಲ, ರಾತ್ರಿಯಲ್ಲಿ, ಎಂಬ ವಿವರಕ್ಕೆ ಅರ್ಥ ಬಂದದ್ದು ಆಗ.

ಮೊದಲ ಗ್ಯಾರೇಜಿನವರು ಅರ್ಥಿಂಗ್ ನೋಡಿರಲಿಲ್ಲವೆಂದಲ್ಲ. ಮಲ್ಟಿಮೀಟರನ್ನು, ತಂತಿ ತುಂಡಾಗಿಲ್ಲವೆಂದು ಸದ್ದು ಮಾಡಿ ತಿಳಿಸುವ ಬೀಪ್ ಸ್ಥಾನದಲ್ಲಿಟ್ಟು ನೋಡಿದ್ದರು, ಬೀಪ್ ಬಂದಿತ್ತು, ಸರಿಯಿದೆ ಎಂದು ಮುಂದೆ ಹೋಗಿದ್ದರು. ಈ ಪರೀಕ್ಷೆಯ ಮಿತಿಯನ್ನು ಹೊಸಬರು ತಿಳಿಯಲೇಬೇಕು. ಬೀಪ್ ಸ್ಥಾನದಲ್ಲಿ ಮಲ್ಟಿಮೀಟರ್ ತಂತಿಯ ಮೂಲಕ ಹರಿಸುವ ವಿದ್ಯುತ್ತು ಅತ್ಯಲ್ಪ. ಒಂದೆರಡು ಓಮ್ ಪ್ರತಿರೋಧವಿದ್ದರೂ ಅದು ಬೀಪ್ ಎನ್ನುತ್ತದೆ, ಆದರೆ ಒಂದೂವರೆ ಆಂಪಿಯರ್ ಹರಿಯುವಾಗ ಅದೇ ಒಂದು ಓಮ್ ಒಂದೂವರೆ ವೋಲ್ಟನ್ನು ನುಂಗುತ್ತದೆ. ದಾರಿಯ ಮೇಲೆ ಹೊರೆ ಇರುವಾಗಲೇ ಅಳೆಯಬೇಕು. ಎಲೆಕ್ಟ್ರಿಷಿಯನ್ ಮಾಡಿದ್ದೂ ಅದನ್ನೇ: ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಮೀಟರ್ ಬೋರ್ಡಿನ ಕಪ್ಪು ತಂತಿಗೂ ಹಿಡಿದು, ವೋಲ್ಟ್ ಸ್ಥಾನದಲ್ಲಿಟ್ಟು, ಒಂದೊಂದೇ ಉಪಕರಣವನ್ನು ಚಾಲೂ ಮಾಡಿಸುತ್ತ ಹೋದರು. ಕೀಲಿ ಮಾತ್ರ ತಿರುಗಿಸಿದಾಗ 0.3 ವೋಲ್ಟ್, ಪಾರ್ಕಿಂಗ್ ದೀಪ ಹಾಕಿದಾಗ 1.1, ಹಾಡನ್ನೂ ಜೋರು ಮಾಡಿದಾಗ 1.9. ಒಳ್ಳೆಯ ಅರ್ಥಿಂಗಿನಲ್ಲಿ ಇದು 0.1 ವೋಲ್ಟ್ ಮೀರಬಾರದು.

ಕಪ್ಪು ತಂತಿಯನ್ನು ಹಿಂಬಾಲಿಸಿ ಹೋದಾಗ ಕಾರಣ ಸಿಕ್ಕಿತು. ವರ್ಷಗಳ ಹಿಂದೆ ಮ್ಯೂಸಿಕ್ ಸಿಸ್ಟಮ್ ಮತ್ತು ಆಂಪ್ಲಿಫೈಯರ್ ಹಾಕಿಸಿದಾಗ, ಕೆಲಸ ಸುಲಭವಾಗಲೆಂದು ಬೋರ್ಡಿನ ಮೂಲ ಅರ್ಥಿಂಗ್ ತಂತಿಯನ್ನು ತುಂಡರಿಸಿ, ಆಂಪ್ಲಿಫೈಯರಿನ ತಂತಿಯ ಜೊತೆ ಸೇರಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ತೆಳು ತಗಡಿಗೆ ಬಣ್ಣವನ್ನೂ ಕೆರೆಯದೆ ಒಂದು ಸ್ಕ್ರೂ ಹೊಡೆದಿದ್ದರು. ಸ್ಕ್ರೂವಿನ ಸುತ್ತ ತುಕ್ಕು ಹಿಡಿದಿತ್ತು. ಕಂಪನಿ ಕೊಟ್ಟ ಅರ್ಥಿಂಗ್ ಬೋಲ್ಟು ಎಡಬದಿಯಲ್ಲಿ ಕಾಲಿಡುವ ಜಾಗದ ಪಕ್ಕದ ಹೊದಿಕೆಯ ಹಿಂದೆ ದಪ್ಪ ಉಕ್ಕಿನ ಮೇಲೆ ಬರಿದಾಗಿಯೇ ಇತ್ತು. ತಂತಿಯನ್ನು ಅಲ್ಲಿಗೆ ಮರಳಿ ಒಯ್ದು, ಲೋಹ ಹೊಳೆಯುವವರೆಗೆ ಕೆರೆದು, ತಾಮ್ರದ ಲಗ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಆಂಪ್ಲಿಫೈಯರಿಗೆ ಬೇರೆಯದೇ ತಂತಿಯನ್ನು ಬ್ಯಾಟರಿಗೆ ನೇರವಾಗಿ ಎಳೆದರು. ಎಲ್ಲವನ್ನೂ ಚಾಲೂ ಮಾಡಿದಾಗ ಅಳತೆ 0.04 ವೋಲ್ಟಿಗೆ ಇಳಿಯಿತು, ಇಂಡಿಕೇಟರಿಗೆ ಮುಳ್ಳು ಅಲುಗಲಿಲ್ಲ.

ಡೈನಮೋ ಬಿಚ್ಚದೆ ಉಳಿದದ್ದು

ಬ್ಯಾಟರಿ ದೀಪದ ಮಂಕು ಬೆಳಕಿಗೆ ಅರ್ಥಿಂಗ್ ಕಾರಣವಾಗಿರಲಿಲ್ಲ, ಏಕೆಂದರೆ ಆ ದೀಪ ಅರ್ಥಿಂಗಿಗೆ ಸೇರುವುದೇ ಇಲ್ಲ. ಅದರ ಒಂದು ತುದಿ ಕೀಲಿಯ ಮೂಲಕ ಬರುವ ಧನ ತಂತಿಗೆ, ಇನ್ನೊಂದು ತುದಿ ಡೈನಮೋಗೆ. ಎರಡೂ ಕಡೆ ಸಮಾನ ವೋಲ್ಟೇಜ್ ಇದ್ದಾಗ ದೀಪ ಆರುತ್ತದೆ, ವ್ಯತ್ಯಾಸವಿದ್ದಷ್ಟು ಉರಿಯುತ್ತದೆ. ಡೈನಮೋದ ಡಯೋಡ್ ಸುಟ್ಟರೂ ಹೀಗಾಗಬಹುದು, ಆದ್ದರಿಂದ ಮೊದಲ ಗ್ಯಾರೇಜಿನ ಸಂದೇಹ ನಿರಾಧಾರವಾದದ್ದೇನೂ ಅಲ್ಲ. ಆದರೆ ಎಂಜಿನ್ ನಡೆಯುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇತ್ತು, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದರೂ ಅದು 13.8ಕ್ಕಿಂತ ಕೆಳಗಿಳಿಯಲಿಲ್ಲ. ದೀಪಕ್ಕೆ ಡೈನಮೋದಿಂದ ಬರುವ ತಂತಿಯಲ್ಲೂ 14.1 ಇತ್ತು, ಕೀಲಿಯ ಕಡೆಯ ತಂತಿಯಲ್ಲಿ 12.7 ಮಾತ್ರ. ಕೊರತೆ ಇದ್ದದ್ದು ಫ್ಯೂಸ್ ಪೆಟ್ಟಿಗೆಯಲ್ಲಿ: ಮೀಟರ್ ಫ್ಯೂಸನ್ನು ಕಚ್ಚಿ ಹಿಡಿಯುವ ಹಿಡಿಕೆ ಸಡಿಲಾಗಿ, ಬಿಸಿಗೆ ಕಪ್ಪಾಗಿತ್ತು. ಹಿಡಿಕೆಯನ್ನು ಬದಲಾಯಿಸಿದ ಮೇಲೆ ದೀಪ ಪೂರ್ತಿ ಆರಿತು.

ಈ ಎಂಜಿನ್ನಿನಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಡೈನಮೋದ ಹಿಂಬದಿಗೇ ಕೂತಿದೆ, ಎಂಜಿನ್ ಎಣ್ಣೆಯ ಪೈಪುಗಳು ಅದಕ್ಕೆ ಬಂದು ಸೇರುತ್ತವೆ. ನಮ್ಮಲ್ಲಿನ ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಇದೇ ವ್ಯವಸ್ಥೆ. ಇಂಥಲ್ಲಿ ಡೈನಮೋ ಬಿಚ್ಚುವುದೆಂದರೆ ಬ್ರೇಕಿನ ಒಂದು ಅಂಗವನ್ನೇ ಮುಟ್ಟಿದಂತೆ. ಸೀಲ್ ಸರಿಯಾಗಿ ಕೂರದಿದ್ದರೆ ಎಣ್ಣೆ ಡೈನಮೋದೊಳಗೆ ಇಳಿದು ಹೊಸ ದೋಷವೊಂದು ಹುಟ್ಟುತ್ತದೆ. ಎರಡು ಕಡೆ ವೋಲ್ಟೇಜ್ ಅಳೆಯದೆ ಇಂಥ ಕೆಲಸಕ್ಕೆ ಕೈಹಾಕುವುದು ನನಗೆ ಒಪ್ಪಿಗೆಯಾಗದ ಪದ್ಧತಿ.

ಸುಳ್ಳುಗಾರ ಮುಳ್ಳು ನಿಜ ಹೇಳಿದಾಗ

ಇಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಪರೀಕ್ಷೆಗೆಂದು ಎ.ಸಿ. ಹಾಕಿಕೊಂಡು ಧಾರವಾಡದ ಕಡೆಗೆ ಏರುದಾರಿಯಲ್ಲಿ ಓಡಿಸಿದಾಗ ಟೆಂಪರೇಚರ್ ಮುಳ್ಳು ನಿಧಾನವಾಗಿ ಮುಕ್ಕಾಲಿನ ಆಚೆಗೆ ಹೋಯಿತು. ಈ ಸಲ ಅದು ಕುಣಿಯಲಿಲ್ಲ, ದೀಪಕ್ಕೂ ಹಾಡಿಗೂ ಸ್ಪಂದಿಸಲಿಲ್ಲ, ಏರು ಮುಗಿದ ಮೇಲೆ ಅಷ್ಟೇ ನಿಧಾನವಾಗಿ ಇಳಿಯಿತು. ಮಾಲೀಕರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಆ ಮುಳ್ಳು ಮೊದಲಿಂದ ಸುಳ್ಳ ಹೇಳತೈತ್ರಿ ಕಾಕಾರ, ಗಾಡಿ ಕೊಡ್ರಿ" ಎಂದರು. ವರ್ಷಗಟ್ಟಲೆ ತಪ್ಪು ತೋರಿಸಿದ ಮೀಟರಿನ ಬಗೆಗೆ ಇಂಥ ಉದಾಸೀನ ಬೆಳೆಯುವುದು ಸಹಜ, ಮತ್ತು ಹಳೆಯ ಗಾಡಿಗಳ ಎಂಜಿನ್ನುಗಳು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲ್) ಸುಟ್ಟುಕೊಳ್ಳುವುದು ಬಹಳ ಸಲ ಈ ಉದಾಸೀನದಿಂದಲೇ. ಎಲೆಕ್ಟ್ರಿಷಿಯನ್ ಗಾಡಿ ಕೊಡಲಿಲ್ಲ. ಇಡೀ ಪ್ರಕರಣದಲ್ಲಿ ಹೆಚ್ಚು ಬೆಲೆಬಾಳುವ ನಿರ್ಧಾರ ಅದು, ಅದಕ್ಕೆ ಅವರು ಮಾಲೀಕರ ಸಿಡಿಮಿಡಿಯನ್ನೂ ಸಹಿಸಬೇಕಾಯಿತು.

ಈಗ ಎರಡು ಸಾಧ್ಯತೆಗಳಿದ್ದವು: ಹೊಸ ಸೆನ್ಸರ್ ಮೀಟರಿಗೆ ಹೊಂದದಿರಬಹುದು, ಇಲ್ಲವೇ ಎಂಜಿನ್ ನಿಜವಾಗಿಯೂ ಬಿಸಿಯಾಗುತ್ತಿರಬಹುದು. ಡಬ್ಬಿಯಲ್ಲಿದ್ದ ಹಳೆಯ ಸೆನ್ಸರ್ ಇಲ್ಲಿ ಉಪಯೋಗಕ್ಕೆ ಬಂದಿತು. ಎರಡನ್ನೂ ಒಂದೇ ಪಾತ್ರೆಯ ಬಿಸಿನೀರಿನಲ್ಲಿ ಥರ್ಮಾಮೀಟರಿನ ಜೊತೆ ಇಳಿಬಿಟ್ಟು ಪ್ರತಿರೋಧ ಅಳೆದಾಗ, 90 ಡಿಗ್ರಿಯಲ್ಲಿ ಹಳೆಯದು ಸುಮಾರು 40 ಓಮ್ ತೋರಿಸಿದರೆ ಹೊಸದು 30ಕ್ಕೂ ಕಡಿಮೆ ತೋರಿಸಿತು. ಅಂದರೆ ಬದಲಾಯಿಸಿದ ಭಾಗವೇ ಮುಳ್ಳನ್ನು ಇರಬೇಕಾದದ್ದಕ್ಕಿಂತ ಮೇಲಕ್ಕೆ ತಳ್ಳುತ್ತಿತ್ತು. ಹಳೆಯದನ್ನೇ ಮರಳಿ ಕೂರಿಸಿದರು. ಸಪಾಟು ರಸ್ತೆಯಲ್ಲಿ ಮುಳ್ಳು ನಡುವಿನಲ್ಲಿ ನಿಂತಿತು, ಏರಿನಲ್ಲಿ ಮಾತ್ರ ಮತ್ತೆ ಏರಿತು, ಮೊದಲಿಗಿಂತ ಕಡಿಮೆ.

ಆದ್ದರಿಂದ ಮೀಟರನ್ನು ಬದಿಗಿಟ್ಟು ಎಂಜಿನ್ನಿನ ಬಿಸಿಯನ್ನೇ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದರು. ಈ ಉಪಕರಣ ಹೊಳೆಯುವ ಅಲ್ಯೂಮಿನಿಯಂ ಮೇಲೆ ಇರುವುದಕ್ಕಿಂತ ಕಡಿಮೆ ಬಿಸಿಯನ್ನು ತೋರಿಸುತ್ತದೆ. ಹಾಗಾಗಿ, ನೀರು ಬಿಸಿಯಾದ ಮೇಲೆ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟಿನ ಮುಚ್ಚಳದ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಗುರಿಯಿಟ್ಟರು. ಏರು ಹತ್ತಿ ನಿಲ್ಲಿಸಿದ ಕೂಡಲೇ 103 ಡಿಗ್ರಿ ಇತ್ತು. ಒತ್ತಡದ ಮುಚ್ಚಳವಿರುವ ರೇಡಿಯೇಟರಿನಲ್ಲಿ ಅಷ್ಟಕ್ಕೆ ನೀರು ಕುದಿಯುವುದಿಲ್ಲವಾದರೂ, 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಎಂಜಿನ್ನಿಗೆ ಅದು ಹೆಚ್ಚೇ. ರೇಡಿಯೇಟರಿನ ಮೈಯನ್ನು ಅಳೆಯುತ್ತ ಹೋದಾಗ ಮೇಲ್ಭಾಗ ಸುಡುತ್ತಿತ್ತು, ಕೆಳಗಿನ ಒಂದು ಮೂಲೆ ಕೈ ಇಡುವಷ್ಟು ತಣ್ಣಗಿತ್ತು. ಅಲ್ಲಿನ ನಳಿಕೆಗಳಲ್ಲಿ ನೀರು ಹರಿಯುತ್ತಿರಲಿಲ್ಲ.

ಮಾಲೀಕರು ವರ್ಷಗಳಿಂದ ರೇಡಿಯೇಟರಿಗೆ ತೋಟದ ಬೋರಿನ ಸವಳು ನೀರನ್ನೇ ಸುರಿಯುತ್ತಿದ್ದರು. ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ನಳಿಕೆಗಳಲ್ಲೂ ಕಟ್ಟಿತ್ತು. ರೇಡಿಯೇಟರ್ ಹಿತ್ತಾಳೆ ಮತ್ತು ತಾಮ್ರದ್ದಾದ್ದರಿಂದ ಅದರ ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ನಳಿಕೆಗಳಲ್ಲಿ ತೆಳು ಪಟ್ಟಿ ಆಡಿಸಿ ಶುಚಿಮಾಡಲು ಸಾಧ್ಯವಾಯಿತು. ಪ್ಲಾಸ್ಟಿಕ್ ಟ್ಯಾಂಕಿನ ಹೊಸ ಮಾದರಿಗಳಲ್ಲಿ ಈ ಅವಕಾಶ ಇರುವುದಿಲ್ಲ. ಒತ್ತಡದ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರಿಂದ ಅದನ್ನೂ ಬದಲಾಯಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಪಾಲು ತುಂಬಿದರು. ಅದೇ ಏರಿನಲ್ಲಿ ಅಳತೆ 91 ಡಿಗ್ರಿಗೆ ಬಂದಿತು.

ಫಲಿತಾಂಶ ಮತ್ತು ಉಳಿದ ಕೆಲಸ

ವಾಹನ ನವೀಕರಣದ ತಪಾಸಣೆಯನ್ನು ದಾಟಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸ್ಪೀಡೋಮೀಟರಿನ ಕುರಿತ 117ನೆಯ ನಿಯಮವಿರುವುದರಿಂದ ಅಲ್ಲಿ ಮುಖ್ಯವಾದದ್ದು ಕೇಬಲ್ ಬದಲಾವಣೆ. ಮಾಲೀಕರ ಮಟ್ಟಿಗೆ ಮುಖ್ಯವಾದದ್ದು ರೇಡಿಯೇಟರ್. ಅದನ್ನು ಪತ್ತೆಹಚ್ಚಲು ಸಾಧ್ಯವಾದದ್ದು ಅರ್ಥಿಂಗ್ ಸರಿಯಾದ ಮೇಲೆಯೇ ಎಂಬುದನ್ನು ಗಮನಿಸಬೇಕು: ಸುಳ್ಳು ಬಿಸಿಯ ಅಡಿಯಲ್ಲಿ ನಿಜವಾದ ಬಿಸಿ ಅಡಗಿಕೊಂಡಿತ್ತು, ಮೊದಲನೆಯದನ್ನು ತೆಗೆಯದೆ ಎರಡನೆಯದು ಕಾಣುತ್ತಿರಲಿಲ್ಲ. ಹೊಂದದ ಸೆನ್ಸರ್ ಮೂರನೆಯ ಪದರವಾಗಿ ಸೇರಿಕೊಂಡಿತ್ತು, ಮತ್ತು ಅದನ್ನು ಸೇರಿಸಿದ್ದು ದುರಸ್ತಿಯೇ. ತೆಗೆದ ಹಳೆಯ ಭಾಗಗಳನ್ನು ದೋಷ ತೀರುವ ತನಕ ಎಸೆಯಬಾರದೆಂದು ನಾನು ಕಲಿಯುವ ಹುಡುಗರಿಗೆ ಹೇಳುವುದು ಇದಕ್ಕೇ.

ಡೀಸೆಲ್ ಮೀಟರ್ ಈಗಲೂ ಪೂರ್ತಿ ನಿಖರವಾಗಿಲ್ಲ. ಮೊದಲ ಗ್ಯಾರೇಜಿನಲ್ಲಿ ಹಾಕಿದ ಫ್ಲೋಟ್ ಯೂನಿಟ್ಟಿನ ತೋಳು ಮೂಲದ್ದಕ್ಕಿಂತ ಗಿಡ್ಡವಾಗಿರುವುದರಿಂದ ಟ್ಯಾಂಕ್ ತುಂಬಿದಾಗಲೂ ಮುಳ್ಳು ತುದಿಯನ್ನು ಮುಟ್ಟುವುದಿಲ್ಲ, ಕೆಳಗಿನ ಕಾಲು ಭಾಗದಲ್ಲಿ ಮಾತ್ರ ಲೆಕ್ಕ ಸರಿಯಾಗಿದೆ. ಮೂಲ ಫ್ಲೋಟನ್ನು ಆ ಗ್ಯಾರೇಜಿನವರು ಆಗಲೇ ಗುಜರಿಗೆ ಹಾಕಿದ್ದರು. ಟ್ಯಾಂಕನ್ನು ಮತ್ತೊಮ್ಮೆ ಇಳಿಸುವ ಖರ್ಚು ಬೇಡವೆಂದು ಮಾಲೀಕರು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಚಾಲಕ ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸಿ, ಕಿಲೋಮೀಟರಿನ ಲೆಕ್ಕದ ಮೇಲೆ ಡೀಸೆಲ್ ಹಾಕಿಸುತ್ತಿದ್ದಾನೆ.